ಕೊಲಂಬಸನ ಬದುಕು: ಹಳೆಯ ಪುಸ್ತಕಗಳ ಬೆನ್ನು ಹತ್ತಿದವರು

ಕ್ರಿಸ್ಟಫರ್ ಕೊಲಂಬಸನ ಜೀವನಚರಿತ್ರೆ ಮೊಟ್ಟಮೊದಲು ಅಚ್ಚಾದದ್ದು ಒಂದು ಪ್ರಾರ್ಥನಾ ಗ್ರಂಥದ ಅಂಚಿನಲ್ಲಿ ಎಂದರೆ ಓದುಗರಿಗೆ ತಮಾಷೆಯೆನಿಸಬಹುದು. ಆದರೆ ಅದು ನಿಜ. 1516ರಲ್ಲಿ ಇಟಲಿಯ ಜಿನೋವಾ ನಗರದಲ್ಲಿ ಅಗೊಸ್ಟಿನೊ ಜ್ಯುಸ್ಟಿನಿಯಾನಿ ಎಂಬ ಬಿಷಪ್ ಬೈಬಲಿನ ಕೀರ್ತನೆಗಳನ್ನು ಹೀಬ್ರೂ, ಗ್ರೀಕ್, ಅರಬ್ಬಿ, ಕಾಲ್ಡಿಯನ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಅಕ್ಕಪಕ್ಕ ಜೋಡಿಸಿ ಅಚ್ಚು ಹಾಕಿಸಿದ. ಪುಸ್ತಕ ಬಿಚ್ಚಿದರೆ ಎರಡು ಪುಟಗಳ ಮೇಲೆ ಎಂಟು ಕಾಲಂಗಳು. ಎಂಟನೆಯದು ಟಿಪ್ಪಣಿಗೆ ಮೀಸಲು. ಹತ್ತೊಂಬತ್ತನೆಯ ಕೀರ್ತನೆಯಲ್ಲಿ ದೇವರ ಮಹಿಮೆಯ ಮಾತು ಲೋಕದ ತುತ್ತತುದಿಯವರೆಗೂ ಮುಟ್ಟಿತು ಎಂಬ ಅರ್ಥದ ಸಾಲೊಂದು ಬರುತ್ತದೆ. ಅಲ್ಲಿಗೆ ಬಂದಾಗ ಬಿಷಪ್‌ಗೆ ತನ್ನ ಊರಿನವನೇ ಆದ ಕೊಲಂಬಸ್ ನೆನಪಾದ. ಲೋಕದ ತುದಿ ಮುಟ್ಟಿದವನು ಈತನೇ ಅಲ್ಲವೆ? ಟಿಪ್ಪಣಿಯ ಕಾಲಂ ಪುಟದಿಂದ ಪುಟಕ್ಕೆ ಹರಿಯಿತು. ಕೊಲಂಬಸ್ ಹುಟ್ಟಿದ್ದು, ಸಮುದ್ರಕ್ಕೆ ಇಳಿದದ್ದು, ಹೊಸ ದ್ವೀಪಗಳನ್ನು ಕಂಡದ್ದು ಎಲ್ಲವೂ ಅಲ್ಲಿ ಬಂತು.

ಜೊತೆಗೆ ಇನ್ನೊಂದು ಮಾತೂ ಬಂತು: ಈತ ಬಡ, ಕೆಳದರ್ಜೆಯ ತಂದೆತಾಯಿಗಳಿಗೆ ಹುಟ್ಟಿದವನು.

ಜ್ಯುಸ್ಟಿನಿಯಾನಿ ಎರಡು ಸಾವಿರ ಪ್ರತಿಗಳನ್ನು ಕಾಗದದ ಮೇಲೆ, ಐವತ್ತನ್ನು ರಾಜಮಹಾರಾಜರಿಗೆಂದು ಚರ್ಮದ ಹಾಳೆಯ ಮೇಲೆ ಅಚ್ಚು ಹಾಕಿಸಿದ್ದ. ಕಾಲು ಭಾಗವೂ ಮಾರಾಟವಾಗಲಿಲ್ಲವೆಂದು ಅವನೇ ಮುಂದೆ ಬರೆದುಕೊಂಡಿದ್ದಾನೆ. ಆದರೆ ಮಾರಾಟವಾದವುಗಳಲ್ಲಿ ಒಂದರ ಸುದ್ದಿ ಸ್ಪೇನ್‌ನ ಸೆವಿಲ್ ನಗರ ಮುಟ್ಟಿತು. ಅಲ್ಲಿ ಕೊಲಂಬಸನ ಕಿರಿಯ ಮಗ ಫರ್ನಾಂಡೊ ಕೊಲೊನ್ ಇದ್ದ. ಅವನಿಗೆ ಮೈಯೆಲ್ಲ ಉರಿಯಿತು. ತಂದೆಯ ಬಗ್ಗೆ ತಾನೇ ಒಂದು ಪುಸ್ತಕ ಬರೆದಾಗ ಅದರ ಆರಂಭದಲ್ಲಿಯೇ ಆ ಬಿಷಪ್‌ನ ಸುಳ್ಳುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದ. ಹಡಗಿನ ನಾಯಕನ ಮೊದಲ ಜೀವನಚರಿತ್ರೆ ಒಂದು ಟಿಪ್ಪಣಿ, ಎರಡನೆಯದು ಆ ಟಿಪ್ಪಣಿಗೆ ಕೊಟ್ಟ ಉತ್ತರ.

ಹಳೆಯ ಅನ್ವೇಷಕರ ಜೀವನಚರಿತ್ರೆಗಳನ್ನು ಸಂಗ್ರಹಿಸುವ ಹವ್ಯಾಸ ಯೂರೋಪ್, ಅಮೆರಿಕಗಳಲ್ಲಿ ಬಹಳ ದಿನದಿಂದ ಇದೆ. ಕೊಲಂಬಸ್, ಮಾರ್ಕೊ ಪೋಲೊ, ಕ್ಯಾಪ್ಟನ್ ಕುಕ್ ಮುಂತಾದವರ ಬಗ್ಗೆ ನೂರು, ಇನ್ನೂರು, ನಾನೂರು ವರ್ಷಗಳ ಹಿಂದೆ ಅಚ್ಚಾದ ಪುಸ್ತಕಗಳನ್ನು ಹುಡುಕಿ, ಕೊಂಡು, ಬೀರುವಿನಲ್ಲಿ ಇಡುವ ಮಂದಿ ಇದ್ದಾರೆ. ಹೊರಗಿನಿಂದ ನೋಡುವವರಿಗೆ ಇದೊಂದು ಶ್ರೀಮಂತರ ಷೋಕಿ. ಅದೇ ಮನುಷ್ಯನ ಬಗ್ಗೆ ಇಂದು ಎಷ್ಟೋ ಖಚಿತವಾದ, ಅಗ್ಗದ ಪುಸ್ತಕಗಳು ಸಿಗುವಾಗ, ತಪ್ಪುಗಳೇ ತುಂಬಿರುವ ಹಳೆಯದನ್ನು ದುಡ್ಡು ಸುರಿದು ಕೊಳ್ಳುವುದೇಕೆ? ಈ ಪ್ರಶ್ನೆಗೆ ಕೊಲಂಬಸನ ಮಗನ ಪುಸ್ತಕದ ಕಥೆಗಿಂತ ಒಳ್ಳೆಯ ಉತ್ತರ ಈ ವರದಿಗಾರನಿಗೆ ಸಿಕ್ಕಿಲ್ಲ.

ಮಗನೇ ಮಹಾ ಸಂಗ್ರಾಹಕ

ಫರ್ನಾಂಡೊ ಹುಟ್ಟಿದ್ದು 1488ರಲ್ಲಿ, ಕಾರ್ಡೊಬಾದಲ್ಲಿ. ತಾಯಿ ಬಿಯಾಟ್ರಿಸ್ ಎನ್ರಿಕೆಸ್ ಕೊಲಂಬಸನನ್ನು ಮದುವೆಯಾದವಳಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಹುಡುಗ ತಂದೆಯ ನಾಲ್ಕನೆಯ ಹಾಗೂ ಕೊನೆಯ ಯಾನದಲ್ಲಿ ಜೊತೆಗಿದ್ದ. 1502ರಿಂದ 1504ರವರೆಗೆ ನಡೆದ ಆ ಯಾನದಲ್ಲಿ ಬಿರುಗಾಳಿ, ಹುಳ ಹಿಡಿದ ಹಡಗು, ಜಮೈಕಾದ ದಡದಲ್ಲಿ ಒಂದು ವರ್ಷ ಸಿಕ್ಕಿಕೊಂಡದ್ದು ಎಲ್ಲವನ್ನೂ ಕಣ್ಣಾರೆ ಕಂಡ. ದೊಡ್ಡವನಾದ ಮೇಲೆ ಅವನನ್ನು ಹಿಡಿದದ್ದು ಸಮುದ್ರದ ಹುಚ್ಚಲ್ಲ, ಪುಸ್ತಕದ ಹುಚ್ಚು.

ಎಂಥ ಹುಚ್ಚು ಅದು! ಚಕ್ರವರ್ತಿ ಐದನೆಯ ಚಾರ್ಲ್ಸನ ಪರಿವಾರದ ಜೊತೆ ಯೂರೋಪ್ ಸುತ್ತುವಾಗ ಪ್ರತಿ ಊರಿನಲ್ಲೂ ಪುಸ್ತಕದಂಗಡಿಗೆ ನುಗ್ಗುತ್ತಿದ್ದ. ಆಗಿನ ದೊಡ್ಡವರು ಸಂಗ್ರಹಿಸುತ್ತಿದ್ದದ್ದು ಗ್ರೀಕ್, ಲ್ಯಾಟಿನ್‌ನ ಘನಗ್ರಂಥಗಳನ್ನು. ಫರ್ನಾಂಡೊ ಹಾಗಲ್ಲ. ಬೀದಿಯಲ್ಲಿ ಮಾರುವ ಲಾವಣಿ, ನಾಲ್ಕು ಪುಟದ ಸುದ್ದಿ ಹಾಳೆ, ಪಂಚಾಂಗ, ಚಿತ್ರಪಟ ಯಾವುದನ್ನೂ ಬಿಡಲಿಲ್ಲ. ಸತ್ತಾಗ, ಎಂದರೆ 1539ರಲ್ಲಿ, ಅವನ ಸೆವಿಲ್‌ನ ಮನೆಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಪುಸ್ತಕಗಳಿದ್ದವು. ಮುದ್ರಣ ಬಂದು ನೂರು ವರ್ಷವೂ ತುಂಬದಿದ್ದ ಕಾಲದಲ್ಲಿ ಒಬ್ಬ ಖಾಸಗಿ ಮನುಷ್ಯನ ಮನೆಯಲ್ಲಿ ಇಷ್ಟು!

ಅವನದೊಂದು ಅಭ್ಯಾಸವಿತ್ತು. ಕೊಂಡ ಪ್ರತಿ ಪುಸ್ತಕದ ಕೊನೆಯಲ್ಲಿ ಇದನ್ನು ಯಾವ ಊರಿನಲ್ಲಿ, ಯಾವ ತಿಂಗಳು, ಯಾವ ವರ್ಷ, ಎಷ್ಟು ಕೊಟ್ಟು ಕೊಂಡೆ, ಆ ಊರಿನ ನಾಣ್ಯಕ್ಕೆ ಸ್ಪೇನ್‌ನ ನಾಣ್ಯದಲ್ಲಿ ಎಷ್ಟು ಬೆಲೆ ಎಂದು ಬರೆದಿಡುವುದು. ನಮ್ಮ ಮನೆಗಳಲ್ಲಿ ಹಿರಿಯರು ಹೊಸ ಕೊಡಪಾನದ ಮೇಲೆ ಹೆಸರು, ತಾರೀಖು ಕೊರೆಸುವುದಿಲ್ಲವೆ, ಹಾಗೆ. ಇದು ಲೆಕ್ಕದ ಚಾಳಿ ಅಷ್ಟೆ ಎಂದು ಆಗ ಯಾರಿಗಾದರೂ ಅನಿಸಿರಬೇಕು. ಮುನ್ನೂರೈವತ್ತು ವರ್ಷಗಳ ನಂತರ ಈ ಎರಡು ಸಾಲಿನ ಲೆಕ್ಕವೇ ಕಳ್ಳತನಕ್ಕೆ ಸಾಕ್ಷಿ ಹೇಳಿತು. ಆ ಕಥೆ ಮುಂದೆ ಬರುತ್ತದೆ.

ಸಮುದ್ರ ಅವನನ್ನೂ ಬಿಡಲಿಲ್ಲ. ವೆನಿಸ್‌ನಲ್ಲಿ ಕೊಂಡು ಹಡಗಿಗೆ ಹಾಕಿಸಿದ ಸಾವಿರದ ಆರುನೂರಕ್ಕೂ ಹೆಚ್ಚು ಪುಸ್ತಕಗಳು 1522ರಲ್ಲಿ ಮುಳುಗಿಹೋದವು. ಆದರೆ ಪಟ್ಟಿಯನ್ನು ಅವನು ಮೊದಲೇ ಬರೆದಿಟ್ಟುಕೊಂಡಿದ್ದ. ಮುಳುಗಿದ ಪುಸ್ತಕಗಳ ಆ ಪಟ್ಟಿ ಇಂದಿಗೂ ಸೆವಿಲ್‌ನಲ್ಲಿ ಇದೆ.

ಸಾಲಗಾರ ಮೊಮ್ಮಗ, ವೆನಿಸ್‌ನ ಅಚ್ಚುಕೂಟ

ತಂದೆಯ ಜೀವನಚರಿತ್ರೆಯನ್ನು ಫರ್ನಾಂಡೊ ಸ್ಪ್ಯಾನಿಷ್‌ನಲ್ಲಿ ಬರೆದ. ಅಚ್ಚು ಹಾಕಿಸುವ ಮೊದಲೇ ತೀರಿಕೊಂಡ. ಹಸ್ತಪ್ರತಿ ಅಣ್ಣನ ಮಗ ಲೂಯಿಸ್ ಕೊಲೊನ್‌ನ ಕೈ ಸೇರಿತು. ಈ ಲೂಯಿಸ್ ಅಜ್ಜನ ಬಿರುದು ಬಾವಲಿಗಳನ್ನೆಲ್ಲ ಪಡೆದವನು, ಅಜ್ಜನ ಗುಣ ಪಡೆದವನಲ್ಲ. ಒಬ್ಬಳು ಹೆಂಡತಿ ಬದುಕಿರುವಾಗಲೇ ಇನ್ನೊಬ್ಬಳನ್ನು ಮದುವೆಯಾದ ತಪ್ಪಿಗೆ ಆಫ್ರಿಕಾದ ಒರಾನ್‌ಗೆ ಗಡೀಪಾರಾಗಿ ಅಲ್ಲೇ 1572ರಲ್ಲಿ ಸತ್ತ. ದುಡ್ಡಿನ ಮುಗ್ಗಟ್ಟಿನಲ್ಲಿದ್ದ ಈತನ ಕೈಯಿಂದ ಹಸ್ತಪ್ರತಿ ಜಿನೋವಾದ ಬಾಲಿಯಾನೊ ಫೋರ್ನಾರಿ ಎಂಬ ವೃದ್ಧ ವೈದ್ಯನಿಗೆ ಹೋಯಿತು. ಅದನ್ನು ಸ್ಪ್ಯಾನಿಷ್, ಲ್ಯಾಟಿನ್, ಇಟಾಲಿಯನ್ ಮೂರು ಭಾಷೆಗಳಲ್ಲಿ ತರಬೇಕೆಂದು ಆತ ವೆನಿಸ್‌ಗೆ ಹೊರಟ. ಹೊರಬಂದದ್ದು ಒಂದೇ. ಅಲ್ಫಾನ್ಸೊ ಉಲ್ಲೋವಾ ಎಂಬ ಸ್ಪ್ಯಾನಿಷ್ ಮನುಷ್ಯ ಮಾಡಿದ ಇಟಾಲಿಯನ್ ಅನುವಾದ, 1571ರಲ್ಲಿ.

ಮೂಲ ಸ್ಪ್ಯಾನಿಷ್ ಹಸ್ತಪ್ರತಿ ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಸ್ಪೇನ್‌ನ ಜನ ತಮ್ಮ ಕೊಲಂಬಸನ ಮಗನ ಪುಸ್ತಕವನ್ನು ಸ್ಪ್ಯಾನಿಷ್‌ನಲ್ಲಿ ಓದಿದ್ದು 1749ರಲ್ಲಿ, ಅದೂ ಇಟಾಲಿಯನ್‌ನಿಂದ ಹಿಂದಕ್ಕೆ ಅನುವಾದಿಸಿಕೊಂಡು. ಹೀಗಾಗಿ 1571ರ ವೆನಿಸ್ ಪ್ರತಿ ಸಂಗ್ರಾಹಕರಿಗೆ ಬರಿಯ ಮೊದಲ ಮುದ್ರಣವಲ್ಲ. ಮೂಲ ಇಲ್ಲದಿರುವುದರಿಂದ ಅದೇ ಮೂಲ. ಅದರಲ್ಲಿನ ಅಚ್ಚಿನ ತಪ್ಪುಗಳಿಗೂ ಸಾಕ್ಷಿಯ ಬೆಲೆ.

ಇದರಲ್ಲಿ ತಪ್ಪುಗಳು ಕಡಿಮೆಯೇನಿಲ್ಲ. ಮನೆತನದ ವಿಷಯದಲ್ಲಿ ಫರ್ನಾಂಡೊ ಮಾತು ತೇಲಿಸುತ್ತಾನೆ, ಹಳೆಯ ಕುಲೀನರ ಹೆಸರುಗಳನ್ನು ಸುಮ್ಮನೆ ತಾಗಿಸಿ ಮುಂದೆ ಹೋಗುತ್ತಾನೆ. ತಂದೆ ಪೋರ್ಚುಗಲ್‌ಗೆ ಬಂದದ್ದು ಒಂದು ನೌಕಾಯುದ್ಧದಲ್ಲಿ ಹಡಗು ಉರಿದು, ಹುಟ್ಟು ಹಿಡಿದುಕೊಂಡು ಈಜಿ ದಡ ಸೇರಿದಾಗ ಎಂದು ಬರೆಯುತ್ತಾನೆ. ಅವನು ಹೇಳುವ ಯುದ್ಧ ನಡೆದದ್ದು 1485ರಲ್ಲಿ. ಅಷ್ಟು ಹೊತ್ತಿಗೆ ಕೊಲಂಬಸ್ ಪೋರ್ಚುಗಲ್‌ನಲ್ಲಿ ನೆಲೆಸಿ, ಮದುವೆಯಾಗಿ ಎಷ್ಟೋ ವರ್ಷವಾಗಿತ್ತು. ಇನ್ನು ಆ ಬಿಷಪ್? ಜಿನೋವಾದ ಹಳೆಯ ದಾಖಲೆಗಳು ಹೊರಬಂದಾಗ ಕೊಲಂಬಸನ ತಂದೆ ಡೊಮೆನಿಕೊ ಉಣ್ಣೆ ನೇಯುತ್ತಿದ್ದವನು ಎಂಬುದು ಸ್ಪಷ್ಟವಾಯಿತು. ಪ್ರಾರ್ಥನಾ ಪುಸ್ತಕದ ಅಂಚಿನಲ್ಲಿದ್ದದ್ದೇ ಸತ್ಯ. ಮಗನ ಸಿಟ್ಟಿಗೆ ಕಾರಣ ಸುಳ್ಳಲ್ಲ, ನಿಜ.

ಈ ತಪ್ಪುಗಳನ್ನೇ ಹಿಡಿದು ಹತ್ತೊಂಬತ್ತನೆಯ ಶತಮಾನದಲ್ಲಿ ಹೆನ್ರಿ ಹ್ಯಾರಿಸ್ ಎಂಬ ವಿದ್ವಾಂಸ ಒಂದು ಬಾಂಬು ಹಾಕಿದ. ನ್ಯೂಯಾರ್ಕ್‌ನಲ್ಲಿ ವಕೀಲಿ ಮಾಡುತ್ತಿದ್ದ ಈತ ಅಮೆರಿಕದ ಬಗ್ಗೆ 1551ರವರೆಗೆ ಅಚ್ಚಾದ ಪುಸ್ತಕಗಳ ಬೃಹತ್ ಪಟ್ಟಿಯೊಂದನ್ನು 1866ರಲ್ಲಿ ಪ್ರಕಟಿಸಿ ಹೆಸರಾಗಿದ್ದವನು. ಇಂಥ ತಪ್ಪುಗಳನ್ನು ಸ್ವಂತ ಮಗ ಮಾಡಲು ಸಾಧ್ಯವೇ ಇಲ್ಲ, ಈ ಪುಸ್ತಕ ಫರ್ನಾಂಡೊ ಬರೆದದ್ದೇ ಅಲ್ಲ ಎಂಬುದು 1871ರಲ್ಲಿ ಅವನ ವಾದ. ಒಂದು ಕ್ಷಣಕ್ಕೆ, ಕೋಟ್ಯಧೀಶರ ಬೀರುಗಳಲ್ಲಿದ್ದ ಆ ಪುಟ್ಟ ಪುಸ್ತಕಗಳೆಲ್ಲ ನಕಲಿಯಾದವು. ನಾಲ್ಕೇ ವರ್ಷಗಳಲ್ಲಿ ಉತ್ತರ ಬಂತು. ಕೊಲಂಬಸನ ಕಾಲದವನೇ ಆದ ಪಾದ್ರಿ ಲಾಸ್ ಕಾಸಾಸ್ ಬರೆದಿಟ್ಟ ಇತಿಹಾಸ ಮುನ್ನೂರು ವರ್ಷ ಹಸ್ತಪ್ರತಿಯಾಗಿಯೇ ಇದ್ದು 1875ರಲ್ಲಿ ಮೊದಲ ಬಾರಿ ಅಚ್ಚಾಯಿತು. ಅದರಲ್ಲಿ ಆತ ಡಾನ್ ಫರ್ನಾಂಡೊನ ಪುಸ್ತಕವನ್ನು ಹೆಸರಿಸಿ ಬಳಸಿಕೊಂಡಿದ್ದ. ವೆನಿಸ್‌ನಲ್ಲಿ ಅಚ್ಚಾಗುವುದಕ್ಕೂ ಮೊದಲೇ, ಮೂಲ ಸ್ಪ್ಯಾನಿಷ್ ಬರಹ ನೋಡಿ! ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೆ ಪುಸ್ತಕ ಬಹುಪಾಲು ಮಗನದೇ ಎಂಬುದು ಮನದಟ್ಟಾಯಿತು. ಮಗ ತನ್ನ ತಂದೆಯ ಬಗ್ಗೆ ತಪ್ಪು ಬರೆಯಲಾರ ಎಂಬ ನಂಬಿಕೆಯೇ ಹ್ಯಾರಿಸ್‌ನ ದೊಡ್ಡ ತಪ್ಪಾಗಿತ್ತು.

ಹೀರೋ ಕಥೆಯೊಳಗೆ ಸೋತವರ ದನಿ

ಇಷ್ಟೇ ಆಗಿದ್ದರೆ ಇದು ವಿದ್ವಾಂಸರ ಜಗಳ, ನಮಗೇಕೆ ಎನ್ನಬಹುದಿತ್ತು. ಆದರೆ ಆ ಪುಸ್ತಕದ ನಡುವೆ ಇನ್ನೊಂದು ಪುಟ್ಟ ಪುಸ್ತಕ ಹುದುಗಿದೆ.

1493ರ ಎರಡನೆಯ ಯಾನದಲ್ಲಿ ರಾಮೋನ್ ಪಾನೆ ಎಂಬ ಬಡ ಸನ್ಯಾಸಿಯೊಬ್ಬ ಕೊಲಂಬಸನ ಜೊತೆ ಹೋದ. ಹಿಸ್ಪಾನಿಯೋಲ ದ್ವೀಪದ, ಎಂದರೆ ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯದ, ಟೈನೊ ಜನರ ನಡುವೆ ಇದ್ದು ಅವರ ನಂಬಿಕೆಗಳನ್ನು ಬರೆದುಕೊಂಡು ಬಾ ಎಂದು ಕೊಲಂಬಸ್ ಅವನಿಗೆ ಹೇಳಿದ. ಪಾನೆ ಅವರ ಭಾಷೆ ಕಲಿತ, ವರ್ಷಗಟ್ಟಲೆ ಅವರ ನಡುವೆ ಬಾಳಿದ, ಕೇಳಿದ್ದನ್ನು ಬರೆದ. ಬರೆಯಲು ಕಾಗದ ಸಾಲದೆ, ಅವಸರದಲ್ಲಿ ಬರೆದದ್ದರಿಂದ ಹಿಂದುಮುಂದಾಗಿದೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಅಮೆರಿಕದ ಮೂಲನಿವಾಸಿಗಳ ನಡುವೆ ಬಾಳಿ, ಅವರ ಮಾತು ಕೇಳಿ ಯೂರೋಪಿನವನೊಬ್ಬ ಬರೆದ ಮೊದಲ ವರದಿ ಇದು. ಅವನ ಮೂಲ ಬರಹ ಕಳೆದುಹೋಗಿದೆ. ಬೇರೆ ಇಬ್ಬರು ಅದರ ಸಾರಾಂಶ ಮಾಡಿದ್ದಾರೆ, ನಿಜ. ಆದರೆ ಪೂರ್ತಿಯಾಗಿ ಉಳಿದಿರುವುದು ಒಂದೇ ಕಡೆ. ಫರ್ನಾಂಡೊ ಅದನ್ನು ತನ್ನ ಪುಸ್ತಕದಲ್ಲಿ ಇಡಿಯಾಗಿ ಸೇರಿಸಿಕೊಂಡಿದ್ದ.

ಅದರಲ್ಲಿ ಸಮುದ್ರ ಹುಟ್ಟಿದ ಕಥೆಯಿದೆ. ಯಾಯ ಎಂಬವನು ತನ್ನನ್ನು ಕೊಲ್ಲಬೇಕೆಂದಿದ್ದ ಮಗನನ್ನು ತಾನೇ ಕೊಂದು, ಅವನ ಮೂಳೆಗಳನ್ನು ಸೋರೆಬುರುಡೆಯೊಂದರಲ್ಲಿಟ್ಟು ಮನೆಯ ಸೂರಿಗೆ ತೂಗುಹಾಕಿದ. ಒಂದು ದಿನ ಮಗನನ್ನು ನೋಡುವ ಆಸೆಯಾಗಿ ಬುರುಡೆ ಬಗ್ಗಿಸಿದರೆ ಮೂಳೆಗಳೆಲ್ಲ ಮೀನುಗಳಾಗಿದ್ದವು. ಇನ್ನೊಂದು ದಿನ ಒಂದೇ ಹೆರಿಗೆಯಲ್ಲಿ ಹುಟ್ಟಿದ ನಾಲ್ವರು ತಬ್ಬಲಿ ಅಣ್ಣತಮ್ಮಂದಿರು ಕದ್ದು ಮೀನು ತಿನ್ನಲು ಬಂದರು. ಯಾಯ ಬರುವ ಸದ್ದಾಯಿತು. ಗಾಬರಿಯಲ್ಲಿ ಬುರುಡೆಯನ್ನು ಸರಿಯಾಗಿ ತೂಗುಹಾಕಲಾಗದೆ ಅದು ಬಿದ್ದು ಒಡೆಯಿತು. ಅದರಿಂದ ಹರಿದ ನೀರು ಭೂಮಿಯನ್ನೆಲ್ಲ ತುಂಬಿತು, ನೀರಿನ ಜೊತೆ ಮೀನುಗಳೂ ಬಂದವು.

ಇನ್ನೊಂದು ಮಾತು ಓದುವಾಗ ಮೈ ಜುಮ್ಮೆನ್ನುತ್ತದೆ. ಹಿಂದೆ ಒಬ್ಬ ನಾಯಕ ಉಪವಾಸವಿದ್ದು ದೇವರಿಂದ ಕೇಳಿಕೊಂಡದ್ದೆಂದು ಟೈನೊಗಳು ಪಾನೆಗೆ ಹೇಳಿದ್ದು: ಮುಂದೆ ಬಟ್ಟೆ ತೊಟ್ಟ ಜನ ಈ ನಾಡಿಗೆ ಬರುತ್ತಾರೆ, ನಮ್ಮನ್ನು ಆಳುತ್ತಾರೆ, ಕೊಲ್ಲುತ್ತಾರೆ, ನಮ್ಮವರು ಹಸಿವಿನಿಂದ ಸಾಯುತ್ತಾರೆ. ಮೊದಲು ಅದು ಪಕ್ಕದ ದ್ವೀಪಗಳ ಕರೀಬ್ ಜನ ಇರಬೇಕೆಂದುಕೊಂಡಿದ್ದರಂತೆ. ಈಗ ಅದು ಅಡ್ಮಿರಲ್ ಕೊಲಂಬಸ್ ಮತ್ತು ಅವನ ಜೊತೆಗಾರರೇ ಎಂದು ನಂಬಿದ್ದಾರೆ ಎಂದು ಪಾನೆ ಬರೆಯುತ್ತಾನೆ. ಮುಂದಿನ ಐವತ್ತು ವರ್ಷಗಳಲ್ಲಿ ರೋಗ, ಹಸಿವು, ಗಣಿಯ ಜೀತದಿಂದ ಆ ದ್ವೀಪದ ಟೈನೊ ಸಮಾಜ ಬಹುತೇಕ ಅಳಿದುಹೋಯಿತು.

ಅಂದರೆ ಏನಾಯಿತು? ತಂದೆಯ ಕೀರ್ತಿ ಉಳಿಸಲೆಂದು ಮಗ ಬರೆದ ಪುಸ್ತಕದಲ್ಲಿ, ಆ ತಂದೆಯ ಬರವಿನಿಂದ ಹಾಳಾದವರ ಮಾತೂ ಉಳಿಯಿತು. ಅದೂ ಟೈನೊ ಬಾಯಿಂದ ಪಾನೆಯ ಸ್ಪ್ಯಾನಿಷ್‌ಗೆ, ಅಲ್ಲಿಂದ ಉಲ್ಲೋವಾನ ಇಟಾಲಿಯನ್‌ಗೆ ಹಾದು, ದೇವರುಗಳ ಹೆಸರೆಲ್ಲ ತಿರುಚಿಕೊಂಡು. ಹೋಸೆ ಹುವಾನ್ ಅರೋಮ್ ಎಂಬ ವಿದ್ವಾಂಸ ಆ ತಿರುಚಿದ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ, ಮೂಲ ಹೇಗಿದ್ದಿರಬಹುದೆಂದು ಕೂಡಿಸಿ, 1974ರಲ್ಲಿ ಪಾನೆಯ ಬರಹವನ್ನು ಪ್ರತ್ಯೇಕವಾಗಿ ಪ್ರಕಟಿಸಿದರು. ಅವರಿಗೆ ಆಧಾರವಾಗಿ ಇದ್ದದ್ದು ಮುಖ್ಯವಾಗಿ 1571ರ ವೆನಿಸ್ ಅಚ್ಚು. ನಾನೂರು ವರ್ಷ ಆ ಪುಸ್ತಕವನ್ನು ಕೊಂಡು ಜೋಪಾನ ಮಾಡಿದವರಲ್ಲಿ ಹೆಚ್ಚಿನವರು ಕೊಲಂಬಸನ ಅಭಿಮಾನಿಗಳು. ಪಾನೆಯ ಹೆಸರು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೊ.

ಭೂಮಿ ಚಪ್ಪಟೆಯಾದದ್ದು 1828ರಲ್ಲಿ

ಕೊಲಂಬಸನ ಬದುಕನ್ನು ಮನೆಮಾತು ಮಾಡಿದ್ದು ಮಾತ್ರ ಇನ್ನೊಂದು ಪುಸ್ತಕ. ಅಮೆರಿಕದ ಕಥೆಗಾರ ವಾಷಿಂಗ್ಟನ್ ಇರ್ವಿಂಗ್ 1826ರಲ್ಲಿ ಮ್ಯಾಡ್ರಿಡ್‌ಗೆ ಹೋಗಿದ್ದು, ನವರೇತೆ ಎಂಬ ಸ್ಪ್ಯಾನಿಷ್ ವಿದ್ವಾಂಸ ಆಗಷ್ಟೇ ಪ್ರಕಟಿಸಿದ್ದ ದಾಖಲೆಗಳನ್ನು ಇಂಗ್ಲಿಷಿಗೆ ತರಲೆಂದು. ಅಲ್ಲಿ ಇಳಿದುಕೊಂಡದ್ದು ಒಬಡಯಾ ರಿಚ್ ಎಂಬ ಅಮೆರಿಕನ್ ಅಧಿಕಾರಿಯ ಮನೆಯಲ್ಲಿ. ಈ ರಿಚ್ ಹಳೆಯ ಪುಸ್ತಕಗಳ ಭಾರೀ ವ್ಯಾಪಾರಿಯೂ ಹೌದು, ಮನೆ ತುಂಬ ಅಪರೂಪದ ಗ್ರಂಥಗಳು, ಹಸ್ತಪ್ರತಿಗಳು. ಅವುಗಳ ನಡುವೆ ಕುಳಿತ ಇರ್ವಿಂಗ್‌ಗೆ ಒಣ ಅನುವಾದ ಬೇಡವಾಯಿತು. ಕೊಲಂಬಸನ ಜೀವನಚರಿತ್ರೆಯನ್ನೇ ಬರೆದ. 1828ರಲ್ಲಿ ಲಂಡನ್ನಿನಲ್ಲಿ ನಾಲ್ಕು ಸಂಪುಟ, ನ್ಯೂಯಾರ್ಕ್‌ನಲ್ಲಿ ಮೂರು.

ಭೂಮಿ ಚಪ್ಪಟೆ ಎಂದು ನಂಬಿದ್ದ ಮಠಾಧಿಪತಿಗಳ ಎದುರು ನಿಂತು ಅದು ದುಂಡಗಿದೆ ಎಂದು ಕೊಲಂಬಸ್ ವಾದಿಸಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಅದನ್ನು ಜನಪ್ರಿಯ ಮಾಡಿದ್ದು ಇರ್ವಿಂಗನ ಸಲಮಾಂಕ ಸಭೆಯ ನಾಟಕೀಯ ವರ್ಣನೆ. ವಾಸ್ತವವಾಗಿ ಭೂಮಿ ದುಂಡಗಿದೆ ಎಂಬುದು ಅರಿಸ್ಟಾಟಲನ ಕಾಲದಿಂದ ಓದುಬರಹ ಬಲ್ಲ ಯೂರೋಪಿಯನ್ನರಿಗೆ ಗೊತ್ತಿತ್ತು. ಜಗಳ ಇದ್ದದ್ದು ದೂರದ ಬಗ್ಗೆ. ಕ್ಯಾನರಿ ದ್ವೀಪಗಳಿಂದ ಜಪಾನ್‌ಗೆ ಸುಮಾರು 2,400 ನಾಟಿಕಲ್ ಮೈಲಿ ಎಂದು ಕೊಲಂಬಸನ ಲೆಕ್ಕ. ನಿಜವಾದ ದೂರ ಹತ್ತು ಸಾವಿರ ದಾಟುತ್ತದೆ. ಅವನನ್ನು ವಿರೋಧಿಸಿದ ಪಂಡಿತರ ಲೆಕ್ಕವೇ ಸರಿಯಿತ್ತು. ಜೆಫ್ರಿ ರಸೆಲ್ ಎಂಬ ಇತಿಹಾಸಕಾರ 1991ರಲ್ಲಿ ಈ ಚಪ್ಪಟೆ ಭೂಮಿಯ ಕಥೆಯ ಹುಟ್ಟನ್ನೇ ಒಂದು ಪುಸ್ತಕ ಮಾಡಿದರು. ಇಂಥ ಕೆಲಸಕ್ಕೆ ಹಳೆಯ ಪುಸ್ತಕ ಕೈಯಲ್ಲೇ ಇರಬೇಕು. ಸುಳ್ಳು ಯಾವ ವರ್ಷ ಹುಟ್ಟಿತು ಎಂಬುದನ್ನು ಹೊಸ ಪುಸ್ತಕ ಹೇಳಲಾರದು.

ಇಂಥದು ಒಂದೆರಡಲ್ಲ. ಮಾರ್ಕೊ ಪೋಲೊ ಹರಿದ ಬಟ್ಟೆಯಲ್ಲಿ ವೆನಿಸ್‌ಗೆ ಮರಳಿ, ಹೊಲಿಗೆ ಬಿಚ್ಚಿ ರತ್ನಗಳನ್ನು ಸುರಿದ ಪ್ರಸಿದ್ಧ ಕಥೆ ಬರುವುದು ರಾಮೂಸಿಯೊ ಎಂಬವನ ಸಂಕಲನದ 1559ರ ಸಂಪುಟದಲ್ಲಿ. ಪೋಲೊ ಸತ್ತು ಆಗಲೇ 235 ವರ್ಷ. ಕ್ಯಾಪ್ಟನ್ ಕುಕ್‌ನ ಮೊದಲ ಇಂಗ್ಲಿಷ್ ಜೀವನಚರಿತ್ರೆಯನ್ನು ಆಂಡ್ರೂ ಕಿಪ್ಪಿಸ್ ಎಂಬ ಪಾದ್ರಿ 1788ರಲ್ಲಿ ತಂದ. ಓದಲು ಒಣಕಲು, ಯಾನದ ದಿನಚರಿಗಳನ್ನೇ ಹಿಂಜಿ ಬರೆದದ್ದು. ಆದರೂ ಸಂಗ್ರಾಹಕರು ಬಿಡುವುದಿಲ್ಲ, ಮೊದಲನೆಯದಲ್ಲವೆ.

ಕನ್ನಡಿಗರಿಗೆ ಹತ್ತಿರದ ಒಂದು ಹೆಸರು ಆರ್. ಎಚ್. ಮೇಜರ್. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಕ್ಷೆಗಳ ಮೇಲ್ವಿಚಾರಕನಾಗಿದ್ದ ಈತ 1857ರಲ್ಲಿ ಹದಿನೈದನೆಯ ಶತಮಾನದ ಭಾರತ ಕಂಡ ಪ್ರವಾಸಿಗಳ ಬರಹಗಳನ್ನು ಒಟ್ಟುಮಾಡಿ ಹಾಕ್ಲೂಟ್ ಸೊಸೈಟಿಯಿಂದ ಪ್ರಕಟಿಸಿದ. ವಿಜಯನಗರವನ್ನು 1420ರ ಸುಮಾರಿಗೆ ಕಂಡು ಅದರ ಸುತ್ತಳತೆ ಅರವತ್ತು ಮೈಲಿ ಎಂದ ನಿಕೊಲೊ ಕೊಂಟಿ, ದೇವರಾಯನ ಆಸ್ಥಾನಕ್ಕೆ ಬಂದಿದ್ದ ಅಬ್ದುರ್ ರಜಾಕ್ ಇಬ್ಬರೂ ಆ ಸಂಪುಟದಲ್ಲಿದ್ದಾರೆ. ಕೊಂಟಿ ತಾನೇ ಬರೆದವನಲ್ಲ. ಅವನು ಹೇಳಿದ್ದನ್ನು ಪೋಪ್‌ನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲೀನಿ ಲ್ಯಾಟಿನ್‌ನಲ್ಲಿ ಬರೆದುಕೊಂಡ. ಅದೇ ಮೇಜರ್ 1868ರಲ್ಲಿ ಪೋರ್ಚುಗಲ್‌ನ ರಾಜಕುಮಾರ ಹೆನ್ರಿಯ ಜೀವನಚರಿತ್ರೆ ಬರೆದ. ಅನ್ವೇಷಣೆಯ ಯಾನಕ್ಕೆ ಒಮ್ಮೆಯೂ ಹೋಗದೆ ದಡದಲ್ಲೇ ನಿಂತು ಹಡಗುಗಳನ್ನು ಕಳಿಸಿದ ಈ ಹೆನ್ರಿಗೆ ‘ನಾವಿಕ’ ಎಂಬ ಬಿರುದು ಇಂಗ್ಲಿಷ್ ಓದುಗರಲ್ಲಿ ಗಟ್ಟಿಯಾದದ್ದು ಆ ಪುಸ್ತಕದಿಂದ.

ನಕ್ಷೆ ಎಲ್ಲಿ?

ಇನ್ನು ವ್ಯಾಪಾರದ ಮಾತು. ಹಳೆಯ ಪುಸ್ತಕ ಎಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಇರ್ವಿಂಗ್‌ನ ಕೊಲಂಬಸ್ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅಚ್ಚಾಗುತ್ತಲೇ ಇತ್ತು. ನಡುವಿನ ಮುದ್ರಣಗಳಿಗೆ ಬೇಡಿಕೆ ಕಡಿಮೆ, 1828ರದ್ದಕ್ಕೆ ಹೆಚ್ಚು. ಕೊಳ್ಳುವವರು ಮೊದಲು ನೋಡುವುದು ಪುಸ್ತಕ ಪೂರ್ತಿ ಇದೆಯೆ ಎಂದು. ಹಳೆಯ ಅಚ್ಚುಕೂಟಗಳಲ್ಲಿ ದೊಡ್ಡ ಹಾಳೆಯನ್ನು ಮಡಿಸಿ ಕಟ್ಟು ಮಾಡುತ್ತಿದ್ದರು. ಬೈಂಡಿನವನಿಗೆ ಗೊತ್ತಾಗಲೆಂದು ಕಟ್ಟಿನ ಪುಟಗಳ ಕೆಳಗೆ ಎ, ಬಿ, ಸಿ ಎಂದು ಅಕ್ಷರ ಹಾಕುತ್ತಿದ್ದರು. ಆ ಅಕ್ಷರಗಳನ್ನು ಸಾಲಾಗಿ ಎಣಿಸಿದರೆ ಯಾವ ಹಾಳೆ ಹೋಗಿದೆ ಎಂಬುದು ತಿಳಿಯುತ್ತದೆ. ಆಮೇಲೆ ಚಿತ್ರ, ನಕ್ಷೆ. ಅನ್ವೇಷಕರ ಪುಸ್ತಕಗಳಿಗೆ ಇದೇ ಶಾಪ. ನಕ್ಷೆಯನ್ನು ಕತ್ತರಿಸಿ ಚೌಕಟ್ಟು ಹಾಕಿಸಿ ಮಾರಿದರೆ ಪುಸ್ತಕಕ್ಕಿಂತ ಹೆಚ್ಚು ಹಣ. ನಗರದ ಒಂದು ಹಳೆ ಪುಸ್ತಕದಂಗಡಿಯಲ್ಲಿ ಈ ವರದಿಗಾರ ಕುಕ್‌ನ ಜೀವನಚರಿತ್ರೆಯೊಂದನ್ನು ಚೌಕಾಸಿ ಮಾಡಿ ಕೊಂಡು ಬೀಗುತ್ತ ಮನೆಗೆ ಬಂದರೆ, ಮುಖಪುಟದ ಎದುರು ನಕ್ಷೆ ಇದ್ದ ಜಾಗದಲ್ಲಿ ಬ್ಲೇಡಿನಿಂದ ಕೊಯ್ದ ನೇರ ಗೆರೆ ಮಾತ್ರ ಇತ್ತು. ಹಿಂದಿರುಗಿಸಲು ಹೋದಾಗ ಸಿಕ್ಕ ಉತ್ತರ ಇಲ್ಲಿ ಬರೆಯುವಂಥದಲ್ಲ.

ಹರಿದ ಹಾಳೆಯ ಜಾಗದಲ್ಲಿ ನಕಲು ಹಾಳೆ ಕೂಡಿಸುವುದೂ ಉಂಟು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಜಾನ್ ಹ್ಯಾರಿಸ್ ಎಂಬವನು ಅಚ್ಚಿನ ಅಕ್ಷರವನ್ನು ಲೇಖನಿಯಿಂದಲೇ ಬರೆದು ತುಂಬುವುದರಲ್ಲಿ ಎಂಥ ನಿಪುಣನೆಂದರೆ, ಯಾವುದು ತಾನು ಬರೆದದ್ದು ಎಂದು ಕೆಲವು ಸಲ ಅವನಿಗೇ ಗೊತ್ತಾಗುತ್ತಿರಲಿಲ್ಲವಂತೆ.

ಇದಕ್ಕಿಂತ ದೊಡ್ಡ ರೋಗ ಕಳ್ಳತನ. ತನ್ನ ಮೊದಲ ಯಾನದ ಬಗ್ಗೆ ಕೊಲಂಬಸ್ ಬರೆದು 1493ರಲ್ಲಿ ಅಚ್ಚಾದ ಪತ್ರದ ಪ್ರತಿಗಳು ಫ್ಲಾರೆನ್ಸ್, ವ್ಯಾಟಿಕನ್, ಬಾರ್ಸಿಲೋನಗಳ ಗ್ರಂಥಾಲಯಗಳಲ್ಲಿದ್ದವು. ಯಾರೋ ಅವನ್ನು ತೆಗೆದು ಆ ಜಾಗದಲ್ಲಿ ನಕಲಿ ಇಟ್ಟಿದ್ದರು. ವರ್ಷಾನುಗಟ್ಟಲೆ ಯಾರಿಗೂ ಸಂಶಯ ಬರಲಿಲ್ಲ. ಫ್ಲಾರೆನ್ಸ್‌ನ ಅಸಲಿ ಪ್ರತಿ ಕೊನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೇ ಪತ್ತೆಯಾಗಿ 2016ರಲ್ಲಿ ಹಿಂದಿರುಗಿತು. ವ್ಯಾಟಿಕನ್ ಮತ್ತು ಬಾರ್ಸಿಲೋನದ ಪ್ರತಿಗಳು 2018ರಲ್ಲಿ ಮನೆ ಸೇರಿದವು.

ಫರ್ನಾಂಡೊನ ಸ್ವಂತ ಪುಸ್ತಕಗಳಿಗೂ ಅದೇ ಗತಿಯಾಯಿತು. ಅವನ ಗ್ರಂಥಾಲಯ 1552ರಲ್ಲಿ ಸೆವಿಲ್‌ನ ಮಹಾ ಇಗರ್ಜಿಯ ವಶಕ್ಕೆ ಬಂದು, ನೋಡುವವರಿಲ್ಲದೆ ಹುಳು ಹಿಡಿಯಿತು. 1884-85ರ ಸುಮಾರಿಗೆ ಪ್ಯಾರಿಸ್‌ನ ಸೀನ್ ನದಿಯ ದಂಡೆಯ ಹಳೆ ಪುಸ್ತಕದ ಪೆಟ್ಟಿಗೆಗಳಲ್ಲಿ ಕೆಲವು ವಿಚಿತ್ರ ಪುಸ್ತಕಗಳು ಅಗ್ಗದ ಬೆಲೆಗೆ ಕಾಣಿಸಿಕೊಂಡವು. ಕೊನೆಯ ಪುಟದಲ್ಲಿ ಇಂಥ ಊರಿನಲ್ಲಿ, ಇಂಥ ತಿಂಗಳು, ಇಷ್ಟು ಕೊಟ್ಟು ಕೊಂಡೆ ಎಂಬ ಹಳೆಯ ಕೈಬರಹ. ಆ ಕೈಬರಹವನ್ನು ಚೆನ್ನಾಗಿ ಬಲ್ಲ ಮನುಷ್ಯನೊಬ್ಬ ಆಗ ಪ್ಯಾರಿಸ್‌ನಲ್ಲೇ ನೆಲೆಸಿದ್ದ. ಅದೇ ಹೆನ್ರಿ ಹ್ಯಾರಿಸ್, ಫರ್ನಾಂಡೊನ ಪುಸ್ತಕವೇ ನಕಲಿ ಎಂದು ವಾದಿಸಿದ್ದವನು! ಸೆವಿಲ್‌ನಿಂದ ಸೋರಿಹೋದ ಪುಸ್ತಕಗಳ ಬಗ್ಗೆ 1885ರಲ್ಲಿ ಅವನು ಒಂದು ಕಿರುಹೊತ್ತಗೆ ಬರೆದು ಗುಲ್ಲೆಬ್ಬಿಸಿದ. ಇಂದು ಸೆವಿಲ್‌ನಲ್ಲಿ ಉಳಿದಿರುವುದು ಸುಮಾರು ನಾಲ್ಕು ಸಾವಿರ. ಕೊಲಂಬಸ್ ತಾನೇ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡ ಮಾರ್ಕೊ ಪೋಲೊ ಪ್ರತಿ ಅದೃಷ್ಟವಶಾತ್ ಅವುಗಳಲ್ಲಿ ಒಂದು.

2019ರಲ್ಲಿ ಇನ್ನೊಂದು ಸುದ್ದಿ ಬಂತು. ಫರ್ನಾಂಡೊ ತನ್ನ ಪುಸ್ತಕಗಳನ್ನು ಜನರಿಂದ ಓದಿಸಿ, ಪ್ರತಿಯೊಂದರ ಸಾರಾಂಶ ಬರೆಸಿ, ಒಂದು ದಪ್ಪ ಸಂಪುಟ ಮಾಡಿಸಿದ್ದ. ಅದು ಕಳೆದುಹೋಗಿದೆ ಎಂದೇ ಎಲ್ಲರೂ ತಿಳಿದಿದ್ದರು. ಎರಡು ಸಾವಿರ ಪುಟಗಳ ಆ ಸಂಪುಟ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ, ಐಸ್‌ಲ್ಯಾಂಡಿನ ವಿದ್ವಾಂಸ ಅರ್ನಿ ಮಾಗ್ನುಸೊನ್ 1730ರಲ್ಲಿ ಬಿಟ್ಟುಹೋದ ಹಸ್ತಪ್ರತಿಗಳ ನಡುವೆ ಇತ್ತು. ಅದರಲ್ಲಿ ಸಾರಾಂಶ ಇರುವ ಎಷ್ಟೋ ಪುಸ್ತಕಗಳ ಒಂದು ಪ್ರತಿಯೂ ಈಗ ಜಗತ್ತಿನಲ್ಲಿ ಉಳಿದಿಲ್ಲ. ಸಂಶೋಧಕರು ಅದನ್ನು ಓದುತ್ತ ಕುಳಿತರು. ಫರ್ನಾಂಡೊ ಸ್ಪ್ಯಾನಿಷ್‌ನಲ್ಲಿ ಬರೆದ ತಂದೆಯ ಕಥೆಯ ಹಸ್ತಪ್ರತಿ ಮಾತ್ರ ಇನ್ನೂ ಸಿಕ್ಕಿಲ್ಲ.